ಬ್ಯಾಕ್ಟೀರಿಯಾ ಕೊಲ್ಲೋ ಪೆಪ್ಟೈಡನ್ನ ಕಾಗದದ ಮೇಲೆ ಬಿಡಿಸಿ ಅರ್ಥ ಮಾಡ್ಕೊಳ್ಳೋದು ಹೇಗೆ

ಕೊಡಗಲ್ಲಿ ಜೂನ್ ಶುರುವಾಯ್ತು ಅಂದ್ರೆ ತೋಟದಲ್ಲಿ ಕೆಲಸ ಮಾಡೋರ ಕಾಲು ಒಣಗೋದೇ ಇಲ್ಲ, ಜಿಗಣೆ ಕಚ್ಚಿದ ಜಾಗ ಕೆರೆದು ಕೆರೆದು ಹುಣ್ಣಾಗುತ್ತೆ, ಬೆರಳ ಸಂದಿ ನೆನೆದು ಬಿರಿಯುತ್ತೆ, ಶುಗರ್ ಇರೋರಿಗಂತೂ ಸಣ್ಣ ಗಾಯ ಆದ್ರೂ ತಿಂಗಳುಗಟ್ಲೆ ಮಾಯಲ್ಲ. ಅದೇ ಮಳೇಲಿ, ಅದೇ ಕೊಳೆತ ಎಲೆ ನೀರಲ್ಲಿ, ಕಪ್ಪೆ ಒದ್ದೆ ಚರ್ಮ ಇಟ್ಕೊಂಡೇ ಇಡೀ ಮಳೆಗಾಲ ಕಳೆಯುತ್ತೆ. ಅದರ ಚರ್ಮದಲ್ಲಿರೋ ಗ್ರಂಥಿಗಳು ಬ್ಯಾಕ್ಟೀರಿಯಾ ಕೊಲ್ಲೋ ಪುಟ್ಟ ಪುಟ್ಟ ಪ್ರೋಟೀನ್ ತುಂಡುಗಳನ್ನ ಸುರಿಸ್ತಾ ಇರುತ್ತೆ, ಅವಕ್ಕೆ ಆಂಟಿಮೈಕ್ರೋಬಿಯಲ್ ಪೆಪ್ಟೈಡ್ ಅಂತಾರೆ. 1987ರಲ್ಲಿ ಅಮೆರಿಕದ ಮೈಕೆಲ್ ಝಾಸ್ಲಾಫ್ ಆಫ್ರಿಕಾದ ಕಪ್ಪೆ ಒಂದರ ಚರ್ಮದಿಂದ ಮ್ಯಾಗೈನಿನ್ ಅನ್ನೋ ಪೆಪ್ಟೈಡ್ ತೆಗೆದು ತೋರಿಸಿದ್ರು. ಆಪರೇಷನ್ ಮಾಡಿ ಹೊಲಿಗೆ ಹಾಕಿ ಕೊಳಕು ನೀರಿನ ತೊಟ್ಟಿಗೆ ವಾಪಸ್ ಬಿಟ್ಟ ಕಪ್ಪೆಗಳಿಗೆ ಗಾಯದಲ್ಲಿ ಕೀವೇ ಆಗ್ತಿಲ್ಲ ಅನ್ನೋದು ಅವರ ಕಣ್ಣಿಗೆ ಬಿದ್ದಿತ್ತು, ಅದೇ ಅವರಿಗೆ ಸಿಕ್ಕ ಸುಳಿವು. ಅದಕ್ಕೂ ಮುಂಚೆ 1981ರಲ್ಲಿ ಸ್ವೀಡನ್‌ನಲ್ಲಿ ಹಾನ್ಸ್ ಬೋಮನ್ ತಂಡ ಪತಂಗದ ಪ್ಯೂಪಾದಿಂದ ಸೆಕ್ರೋಪಿನ್ ಅನ್ನೋದನ್ನ ಹೊರಗೆ ತಂದಿತ್ತು.

ಈಗ ಲ್ಯಾಬ್‌ಗಳಲ್ಲಿ ಇವನ್ನ ನಕಲು ಮಾಡಿ, ತಿದ್ದಿ, ಹೊಸದಾಗಿ ಕಟ್ತಾರೆ, ಅವೇ ಸಿಂಥೆಟಿಕ್ ಪೆಪ್ಟೈಡ್. ಇವು ಬ್ಯಾಕ್ಟೀರಿಯಾನ ಹೆಂಗೆ ಕೊಲ್ಲುತ್ತೆ, ನಮ್ಮ ಜೀವಕೋಶನ ಯಾಕೆ ಬಿಡುತ್ತೆ ಅಂತ ಕೇಳಿದ್ರೆ ಮಕ್ಕಳು "ಪೊರೆಗೆ ತೂತು ಮಾಡುತ್ತೆ ಸಾರ್" ಅಂತ ಬಾಯಿಪಾಠ ಒಪ್ಪಿಸ್ತಾರೆ, ಅದು ತಪ್ಪಲ್ಲ, ಆದ್ರೆ ಯಾಕೆ ಅಂತ ಇನ್ನೊಂದು ಪ್ರಶ್ನೆ ಕೇಳಿದ್ರೆ ಅಲ್ಲಿಗೇ ನಿಂತೋಗುತ್ತೆ. ನನ್ನ ಪ್ರಕಾರ ಇದನ್ನ ಓದಿ ಕಲಿಯೋದಕ್ಕಿಂತ ಎಣಿಸಿ, ಬಿಡಿಸಿ ಕಲಿಯೋದು ಎಷ್ಟೋ ಮೇಲು. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ ಎಲ್ಲೇ ಓದ್ತಾ ಇರಿ, ಪಿಯುಸಿ ಸೈನ್ಸ್ ಮಟ್ಟದ ಬಯಾಲಜಿ ಕೆಮಿಸ್ಟ್ರಿ ಗೊತ್ತಿದ್ರೆ ಸಾಕು, ಒಂದು ಹಾಳೆ, ಕಂಪಾಸು, ಕೋನಮಾಪಕ, ಕೆಂಪು ನೀಲಿ ಎರಡು ಪೆನ್ನು, ಇಷ್ಟೇ ಸಾಮಾನು. ಕರೆಂಟ್ ಹೋಗಿದ್ರೂ ಮಾಡಬಹುದು, ನಮ್ಮೂರಲ್ಲಿ ಮಳೆಗಾಲಕ್ಕೆ ಅದೂ ಒಂದು ಅನುಕೂಲವೇ. ಕಪ್ಪೆ ಹಿಡಿಯೋಕೆ ಮಾತ್ರ ಹೋಗಬೇಡಿ, ಬೇಕಾದ ಅಕ್ಷರಗಳನ್ನೆಲ್ಲ ಆಗಲೇ ಬರೆದಿಟ್ಟಿದಾರೆ, ಕಪ್ಪೆ ತನ್ನ ಪಾಡಿಗೆ ಗದ್ದೇಲಿ ಇರ್ಲಿ.

ಮೊದಲು ಚಾರ್ಜ್ ಎಣಿಸಿ

ಹಾಳೆ ಮೇಲೆ ಮ್ಯಾಗೈನಿನ್ 2ರ ಸರಣಿ ಬರ್ಕೊಳ್ಳಿ, ಪ್ರತಿ ಅಕ್ಷರ ಒಂದು ಅಮೈನೋ ಆಸಿಡ್, ಒಟ್ಟು 23: ಜಿ ಐ ಜಿ ಕೆ ಎಫ್ ಎಲ್ ಎಚ್ ಎಸ್ ಎ ಕೆ ಕೆ ಎಫ್ ಜಿ ಕೆ ಎ ಎಫ್ ವಿ ಜಿ ಇ ಐ ಎಂ ಎನ್ ಎಸ್. ಪ್ರತಿಯೊಂದರ ಕೆಳಗೆ 1ರಿಂದ 23ರವರೆಗೆ ನಂಬರ್ ಹಾಕಿ, ಮುಂದೆ ಬೇಕಾಗುತ್ತೆ.

ಕೆ ಅಂದ್ರೆ ಲೈಸಿನ್, ಆರ್ ಅಂದ್ರೆ ಆರ್ಜಿನಿನ್, ಎರಡಕ್ಕೂ ಪ್ಲಸ್ 1. ಡಿ ಮತ್ತೆ ಇ, ಅಂದ್ರೆ ಆಸ್ಪಾರ್ಟಿಕ್ ಆಸಿಡ್, ಗ್ಲುಟಾಮಿಕ್ ಆಸಿಡ್, ಇವಕ್ಕೆ ಮೈನಸ್ 1. ಎಚ್ ಅಂದ್ರೆ ಹಿಸ್ಟಿಡಿನ್, ನಮ್ಮ ರಕ್ತದ ಪಿಎಚ್‌ನಲ್ಲಿ ಅದಕ್ಕೆ ಹೆಚ್ಚುಕಮ್ಮಿ ಚಾರ್ಜ್ ಇರಲ್ಲ, ಸದ್ಯಕ್ಕೆ ಸೊನ್ನೆ ಅಂತ ಹಿಡೀರಿ. ಸರಪಳಿಯ ತಲೆ ಕಡೆ, ಅಂದ್ರೆ ಅಮೈನೋ ತುದಿಗೆ ಪ್ಲಸ್ 1, ಬಾಲದ ಕಡೆ ಕಾರ್ಬಾಕ್ಸಿಲ್ ತುದಿಗೆ ಮೈನಸ್ 1. ಈಗ ಕೂಡಿಸಿ: 4, 10, 11, 14ನೇ ಜಾಗದಲ್ಲಿ ಲೈಸಿನ್, ನಾಲ್ಕು ಪ್ಲಸ್, ತಲೇದು ಸೇರಿ ಐದು, 19ನೇ ಜಾಗದ ಗ್ಲುಟಾಮಿಕ್ ಆಸಿಡ್ ಒಂದು ಕಳೆಯುತ್ತೆ, ಬಾಲ ಇನ್ನೊಂದು ಕಳೆಯುತ್ತೆ, ಉಳಿಯೋದು ಪ್ಲಸ್ 3. ಲ್ಯಾಬಲ್ಲಿ ಕಟ್ಟೋರು ಬಾಲದ ಆಸಿಡ್‌ನ ಅಮೈಡ್ ಮಾಡಿಬಿಡ್ತಾರೆ, ಆಗ ಅಲ್ಲಿನ ಮೈನಸ್ ಹೋಗಿ ಪ್ಲಸ್ 4 ಆಗುತ್ತೆ. ಇಂಥ ಪೆಪ್ಟೈಡ್‌ಗಳು ಸಾಮಾನ್ಯವಾಗಿ 10ರಿಂದ 50 ಅಮೈನೋ ಆಸಿಡ್ ಉದ್ದ ಇರುತ್ತೆ, ಚಾರ್ಜು ಹೆಚ್ಚಾಗಿ ಪ್ಲಸ್ 2ರಿಂದ ಪ್ಲಸ್ 9ರ ಒಳಗೆ ಬರುತ್ತೆ.

ಈ ಪ್ಲಸ್ ಯಾಕೆ ಮುಖ್ಯ ಅನ್ನೋಕೆ ಪಕ್ಕದಲ್ಲೇ ಎರಡು ಪೊರೆ ಬಿಡಿಸ್ಕೊಳ್ಳಿ. ಎಡಗಡೆ ಬ್ಯಾಕ್ಟೀರಿಯಾದ್ದು: ಅದರ ಪೊರೇಲಿ ಫಾಸ್ಫಟಿಡೈಲ್ ಗ್ಲಿಸರಾಲ್, ಕಾರ್ಡಿಯೋಲಿಪಿನ್ ಅನ್ನೋ ಮೈನಸ್ ಚಾರ್ಜಿನ ಕೊಬ್ಬುಗಳು ಇರುತ್ತೆ. ಸ್ಟೆಫೈಲೋಕಾಕಸ್ ತರದ ಗ್ರಾಮ್ ಪಾಸಿಟಿವ್ ಆದ್ರೆ ಪೊರೆಯ ಹೊರಗಿನ ಗೋಡೇಲಿ ಟೈಕೋಯಿಕ್ ಆಸಿಡ್, ಅದೂ ಮೈನಸ್. ಇ ಕೋಲಿ ತರದ ಗ್ರಾಮ್ ನೆಗೆಟಿವ್ ಆದ್ರೆ ಹೊರಗೆ ಇನ್ನೊಂದು ಪೊರೆ, ಅದರ ಮೇಲ್ಮೈಯೆಲ್ಲ ಲಿಪೋಪಾಲಿಸ್ಯಾಕರೈಡ್, ಅದರ ಫಾಸ್ಫೇಟ್‌ಗಳೂ ಮೈನಸ್. ಬಲಗಡೆ ನಮ್ಮ ಕೆಂಪು ರಕ್ತಕಣದ್ದು ಬಿಡಿಸಿ: ಹೊರ ಪದರದಲ್ಲಿ ಫಾಸ್ಫಟಿಡೈಲ್ ಕೋಲಿನ್, ಸ್ಫಿಂಗೋಮಯೆಲಿನ್, ಇವಕ್ಕೆ ಒಟ್ಟು ಚಾರ್ಜ್ ಸೊನ್ನೆ, ನಡುನಡುವೆ ಕೊಲೆಸ್ಟೆರಾಲ್ ತುಂಬ್ಕೊಂಡು ಪೊರೆನ ಬಿಗಿ ಮಾಡಿರುತ್ತೆ, ಮೈನಸ್ ಇರೋ ಫಾಸ್ಫಟಿಡೈಲ್ ಸೆರಿನ್‌ನ ನಮ್ಮ ಜೀವಕೋಶ ಒಳ ಪದರಕ್ಕೇ ಸೀಮಿತ ಮಾಡಿ ಇಟ್ಟಿರುತ್ತೆ. ಈಗ ನೋಡಿ, ಪ್ಲಸ್ ಪೆಪ್ಟೈಡ್ ಎಡಕ್ಕೆ ಹೋಗಿ ಅಂಟುತ್ತೆ, ಬಲಕ್ಕೆ ಹೋಗೋಕೆ ಅದಕ್ಕೆ ಅಂಥ ಕಾರಣ ಇಲ್ಲ. ಇನ್ನೂ ಒಂದಿದೆ, ಬದುಕಿರೋ ಬ್ಯಾಕ್ಟೀರಿಯಾದ ಒಳಗಡೆ ಹೊರಗಿಗಿಂತ ಮೈನಸ್ ಇರುತ್ತೆ, ಆ ವೋಲ್ಟೇಜು ಪ್ಲಸ್ ಇರೋದನ್ನ ಇನ್ನಷ್ಟು ಒಳಕ್ಕೆ ಎಳೆಯುತ್ತೆ.

ಆಮೇಲೆ ಚಕ್ರ ಬಿಡಿಸಿ

ನನಗೆ ಅತಿ ಇಷ್ಟದ ಭಾಗ ಇದು, ದಯವಿಟ್ಟು ಹಾರಿಸಬೇಡಿ, ಬರೀ ಓದಿದ್ರೆ ಸಿಗಲ್ಲ, ಕೈಯಲ್ಲಿ ಬಿಡಿಸಿದ್ರೇನೇ ಸಿಗೋದು.

ಮ್ಯಾಗೈನಿನ್ ನೀರಲ್ಲಿದ್ದಾಗ ಅದಕ್ಕೆ ಗಟ್ಟಿ ಆಕಾರ ಇರಲ್ಲ, ಸಡಿಲವಾಗಿ ಓಲಾಡ್ತಾ ಇರುತ್ತೆ. ಬ್ಯಾಕ್ಟೀರಿಯಾದ ಪೊರೆ ಮುಟ್ಟಿದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತೆ, ಆಲ್ಫಾ ಹೆಲಿಕ್ಸ್ ಆಗುತ್ತೆ. ಈ ಸುರುಳೀಲಿ ಒಂದು ಸುತ್ತಿಗೆ 3.6 ಅಮೈನೋ ಆಸಿಡ್, ಅಂದ್ರೆ ಒಂದರಿಂದ ಮುಂದಿನದಕ್ಕೆ 100 ಡಿಗ್ರಿ ತಿರುಗುತ್ತೆ. ಸುರುಳಿನ ಮೇಲಿಂದ ನೇರ ಕೆಳಗೆ ನೋಡಿದ್ರೆ ಯಾವ ಅಕ್ಷರ ಯಾವ ದಿಕ್ಕಿಗೆ ಬರುತ್ತೆ ಅಂತ ಕಾಣೋಕೆ ಒಂದು ವೃತ್ತ ಹಾಕಿ, ಮೇಲಿನ ತುದಿ 0 ಡಿಗ್ರಿ. 1ನೇ ಅಕ್ಷರ ಅಲ್ಲಿ. 2ನೇದು 100ರಲ್ಲಿ, 3ನೇದು 200ರಲ್ಲಿ, 4ನೇದು 300ರಲ್ಲಿ, 5ನೇದು 400 ಆಗುತ್ತಲ್ವಾ, 360 ಕಳೀರಿ, 40ರಲ್ಲಿ. 6ನೇದು 140, 7ನೇದು 240, ಹೀಗೇ 100 ಕೂಡಿಸ್ತಾ 360 ದಾಟಿದಾಗೆಲ್ಲ ಕಳೀತಾ ಹೋಗಿ. 19ನೇದಕ್ಕೆ ಬಂದಾಗ 1800 ಆಗುತ್ತೆ, ಸರಿಯಾಗಿ ಐದು ಸುತ್ತು, ಅದು ತಿರುಗಿ 1ನೇದರ ಜಾಗಕ್ಕೇ ಬಂದು ಕೂರುತ್ತೆ, ಅಲ್ಲಿಂದ ಮುಂದಿನವನ್ನ ಅದೇ ಜಾಗದಲ್ಲಿ ಹೊರಗಡೆ ಇನ್ನೊಂದು ಸಾಲಾಗಿ ಬರೀರಿ.

ಈಗ ಬಣ್ಣ. ನೀರು ಕಂಡ್ರೆ ಆಗದ, ಎಣ್ಣೆಗೆ ಒಗ್ಗೋ ಅಮೈನೋ ಆಸಿಡ್‌ಗಳಿಗೆ ಕೆಂಪು: ಎಫ್, ಐ, ಎಲ್, ವಿ, ಎಂ, ಎ. ಚಾರ್ಜ್ ಇರೋವು, ನೀರಿಗೆ ಒಗ್ಗೋವಕ್ಕೆ ನೀಲಿ: ಕೆ, ಇ, ಎಚ್, ಎಸ್, ಎನ್. ಜಿ ಅಂದ್ರೆ ಗ್ಲೈಸಿನ್, ಅದನ್ನ ಹಾಗೇ ಬಿಡಿ. ಬಣ್ಣ ಹಾಕಿ ಮುಗಿಸಿ ಹಾಳೆನ ಸ್ವಲ್ಪ ದೂರ ಹಿಡಿದು ನೋಡಿ. 20 ಡಿಗ್ರೀಲಿ 12ನೇ ಎಫ್, 40ರಲ್ಲಿ 5ನೇ ಎಫ್, 60ರಲ್ಲಿ 16ನೇ ಎಫ್, 80ರಲ್ಲಿ 9ನೇ ಎ, 100ರಲ್ಲಿ 2 ಮತ್ತೆ 20ನೇ ಐ ಎರಡೂ, 140ರಲ್ಲಿ 6ನೇ ಎಲ್, 160ರಲ್ಲಿ 17ನೇ ವಿ. ಸರಣಿಯಲ್ಲಿ ಅಲ್ಲೊಂದು ಇಲ್ಲೊಂದು ಚೆಲ್ಲಿದ್ದ ಕೆಂಪು ಅಕ್ಷರಗಳು ಚಕ್ರದಲ್ಲಿ ಒಂದೇ ಪಕ್ಕಕ್ಕೆ ಬಂದು ಸೇರ್ಕೊಂಡಿರುತ್ತೆ. ಎದುರು ಪಕ್ಕದಲ್ಲಿ 180, 220, 280, 300 ಡಿಗ್ರೀಲಿ ನಾಲ್ಕು ಲೈಸಿನ್. ಪೂರ್ತಿ ಶುದ್ಧವಾಗಿ ಬೇರೆ ಆಗಿರಲ್ಲ, 40ರಲ್ಲಿ ಬಾಲದ ಕೊನೆ ಎಸ್ ಬಂದು ಕೂತಿದೆ, 200ರಲ್ಲಿ ಒಂದು ಎಂ, 320ರಲ್ಲಿ ಒಂದು ಎ ಆ ಕಡೆ ಹೋಗಿವೆ, ಆದ್ರೂ ಎರಡು ಮುಖ ಕಣ್ಣಿಗೆ ಹೊಡೆದು ಕಾಣುತ್ತೆ. ಒಂದು ಮುಖ ನೀರಿಗೆ, ಒಂದು ಮುಖ ಕೊಬ್ಬಿಗೆ. ಇದನ್ನ ಆಂಫಿಪ್ಯಾಥಿಕ್ ಅಂತಾರೆ, ಆ ಹೆಸರು ಮರೆತುಹೋದ್ರೂ ಪರವಾಗಿಲ್ಲ, ಚಿತ್ರ ಮರೆಯಬೇಡಿ.

ಇದು ನಿಜವಾಗ್ಲೂ ಬೇಕೇ ಬೇಕಾ ಅಂತ ಪರೀಕ್ಷೆ ಮಾಡೋಕೆ ನೀವೇ ಒಂದು ಕಟ್ಟಿ ನೋಡಿ. ಬರೀ ಲೂಸಿನ್ ಮತ್ತೆ ಲೈಸಿನ್ ಎರಡೇ ಬಳಸಿ 14 ಉದ್ದದ್ದು: ಎಲ್ ಕೆ ಕೆ ಎಲ್ ಎಲ್ ಕೆ ಎಲ್ ಎಲ್ ಕೆ ಕೆ ಎಲ್ ಎಲ್ ಕೆ ಎಲ್. ಚಕ್ರಕ್ಕೆ ಹಾಕಿದ್ರೆ ಆರೂ ಲೈಸಿನ್ 80ರಿಂದ 200ರ ಒಳಗೆ, ಎಂಟೂ ಲೂಸಿನ್ ಉಳಿದ ಪಕ್ಕಕ್ಕೆ, ಒಂದೂ ಆಚೀಚೆ ಇಲ್ಲ. ಈಗ ಎರಡನ್ನೇ ತಗೊಂಡು ಎಲ್ ಕೆ ಎಲ್ ಕೆ ಅಂತ ಒಂದು ಬಿಟ್ಟು ಒಂದು ಬರೆದು ಚಕ್ರಕ್ಕೆ ಹಾಕಿ, ಸುತ್ತಲೂ ಕಲಸಿಹೋಗುತ್ತೆ, ಮುಖವೇ ಇಲ್ಲ. ಆದ್ರೆ ಅದೇ ಸರಣಿನ ಸುರುಳಿ ಸುತ್ತದೆ ಉದ್ದಕ್ಕೆ ಚಾಚಿ ಬೀಟಾ ಎಳೆ ಮಾಡಿದ್ರೆ ಒಂದು ಬಿಟ್ಟು ಒಂದು ಮೇಲೆ ಕೆಳಗೆ ಬರೋದ್ರಿಂದ ಅಲ್ಲಿ ಮತ್ತೆ ಎರಡು ಮುಖ ಸಿಗುತ್ತೆ! ಅಂದ್ರೆ ಅಕ್ಷರ ಯಾವುದು ಅನ್ನೋದಷ್ಟೇ ಅಲ್ಲ, ಅದು ಯಾವ ಅಂತರಕ್ಕೆ ಬರುತ್ತೆ ಅನ್ನೋದರ ಮೇಲೆ ಪೆಪ್ಟೈಡ್ ಯಾವ ಆಕಾರದಲ್ಲಿ ಕೆಲಸ ಮಾಡಬಹುದು ಅನ್ನೋದು ನಿಂತಿದೆ.

ಪೊರೆ ಒಡೆಯೋದನ್ನ ಬಿಡಿಸೋದು

ಈಗ ಎಡಗಡೆ ಪೊರೆ ಚಿತ್ರಕ್ಕೆ ವಾಪಸ್ ಬನ್ನಿ. ಇ ಕೋಲಿ ಆದ್ರೆ ಮೊದಲ ತಡೆ ಹೊರ ಪೊರೆ. ಅಲ್ಲಿನ ಮೈನಸ್ ಫಾಸ್ಫೇಟ್‌ಗಳು ಒಂದನ್ನೊಂದು ದೂರ ತಳ್ಳದ ಹಾಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಯಾನುಗಳು ನಡುವೆ ಕೂತು ಹಿಡಿದಿರುತ್ತೆ. ದಪ್ಪ, ಪ್ಲಸ್ ಜಾಸ್ತಿ ಇರೋ ಪೆಪ್ಟೈಡ್ ಬಂದು ಆ ಅಯಾನುಗಳನ್ನ ಎಬ್ಬಿಸಿ ತಾನು ಕೂರುತ್ತೆ, ಆದ್ರೆ ಇದರ ಗಾತ್ರ ದೊಡ್ಡದು, ಹಾಗಾಗಿ ಆ ಜಾಗ ಸಡಿಲ ಆಗುತ್ತೆ, ಆ ಸಡಿಲದಿಂದ ಮುಂದಿನ ಪೆಪ್ಟೈಡ್‌ಗಳು ನುಗ್ಗುತ್ತೆ. ಕೆನಡಾದ ಬಾಬ್ ಹ್ಯಾನ್‌ಕಾಕ್ ಇದನ್ನ ಪೆಪ್ಟೈಡ್ ತನ್ನ ದಾರಿ ತಾನೇ ಮಾಡ್ಕೊಳ್ಳೋದು ಅನ್ನೋ ಅರ್ಥದಲ್ಲಿ ವಿವರಿಸಿದ್ರು.

ಒಳ ಪೊರೆ ಹತ್ರ ಬಂದ ಪೆಪ್ಟೈಡ್ ಮೊದಲು ಮೇಲ್ಮೈ ಮೇಲೆ ಅಡ್ಡಡ್ಡ ಮಲಗುತ್ತೆ, ನೀಲಿ ಮುಖ ಕೊಬ್ಬಿನ ಮೈನಸ್ ತಲೆಗಳ ಕಡೆ, ಕೆಂಪು ಮುಖ ಸ್ವಲ್ಪ ಒಳಕ್ಕೆ ಹೂತು. ಒಂದೆರಡು ಹತ್ತು ಇದ್ದಾಗ ಏನೂ ಆಗಲ್ಲ. ಗುಂಪು ಹೆಚ್ಚಾಗ್ತಾ ಹೋದ ಹಾಗೆ ಹೊರ ಪದರ ಮಾತ್ರ ಹಿಗ್ಗುತ್ತೆ, ಒಳ ಪದರ ಹಾಗೇ ಇರುತ್ತೆ, ಆ ಎಳೆದಾಟ ಒಂದು ಮಟ್ಟ ದಾಟಿದ ಮೇಲೆ ಪೊರೆ ತಡೆಯಲ್ಲ. ಒಂದು ಬ್ಯಾಕ್ಟೀರಿಯಾ ಸಾಯೋಕೆ ಅದಕ್ಕೆ ಸುಮಾರು 10 ಲಕ್ಷದಿಂದ 1 ಕೋಟಿ ಪೆಪ್ಟೈಡ್ ಅಂಟಬೇಕು ಅಂತ ಅಳೆದಿದಾರೆ, ಅಂದ್ರೆ ಒಬ್ಬೊಬ್ಬರಾಗಿ ಮಾಡೋ ಕೆಲಸ ಅಲ್ಲ ಇದು.

ಮುರಿಯೋ ರೀತಿ ಮೂರು ಅಂತ ಪುಸ್ತಕದಲ್ಲಿ ಇರುತ್ತೆ, ಮೂರನ್ನೂ ಬೇರೆ ಬೇರೆ ಬಿಡಿಸಿ. ಒಂದರಲ್ಲಿ ಪೆಪ್ಟೈಡ್ ಸುರುಳಿಗಳು ಎದ್ದು ನಿಂತು ಪೊರೆಯ ಆರಪಾರ ಉಂಗುರ ಮಾಡುತ್ತೆ, ಕೆಂಪು ಮುಖ ಕೊಬ್ಬಿನ ಕಡೆ, ನೀಲಿ ಮುಖ ನಡುವಿನ ತೂತಿನ ಕಡೆ, ಇದು ಬ್ಯಾರೆಲ್ ಸ್ಟೇವ್. ಇನ್ನೊಂದು ಟೊರಾಯ್ಡಲ್, ಇದರಲ್ಲಿ ಪೆಪ್ಟೈಡ್ ಜೊತೆ ಕೊಬ್ಬಿನ ತಲೆಗಳೂ ಬಾಗಿ ಒಳಗಿಳಿದು ಹೊರ ಪದರ ಒಳ ಪದರಕ್ಕೆ ಸೇರ್ಕೊಳ್ಳುತ್ತೆ, ತೂತಿನ ಗೋಡೇಲಿ ಪೆಪ್ಟೈಡು ಕೊಬ್ಬು ಎರಡೂ ಇರುತ್ತೆ, ಮ್ಯಾಗೈನಿನ್‌ದು ಈ ದಾರಿ. ಮೂರನೇದು ಕಾರ್ಪೆಟ್, ತೂತು ಅಂತ ಒಂದು ನಿಲ್ಲೋದೇ ಇಲ್ಲ, ಮೇಲ್ಮೈಯೆಲ್ಲ ಮುಚ್ಚಿ ಪೊರೆ ಚೂರು ಚೂರಾಗಿ ಕಿತ್ತು ಬರುತ್ತೆ, ಪಂದಿ ಕರಿ ಮಾಡಿದ ಪಾತ್ರೆಯ ಜಿಡ್ಡನ್ನ ಸೋಪಿನ ನೀರು ಎಬ್ಬಿಸ್ಕೊಂಡು ಹೋಗೋ ಹಾಗೆ. ನೀವು ಕಟ್ಟಿದ ಪೆಪ್ಟೈಡ್ ಯಾವ ದಾರಿ ಹಿಡೀಬಹುದು ಅಂತ ಒಂದು ಅಂದಾಜಿಗೆ ಉದ್ದ ಲೆಕ್ಕ ಹಾಕಿ: ಹೆಲಿಕ್ಸ್‌ನಲ್ಲಿ ಒಂದು ಅಮೈನೋ ಆಸಿಡ್‌ಗೆ 0.15 ನ್ಯಾನೋಮೀಟರ್, ಪೊರೆಯ ಎಣ್ಣೆ ಭಾಗ ಸುಮಾರು 3 ನ್ಯಾನೋಮೀಟರ್ ದಪ್ಪ. ಮ್ಯಾಗೈನಿನ್ 23 ಇದೆ, 3.45 ಬಂತು, ಆರಪಾರ ತಲುಪುತ್ತೆ. 14 ಉದ್ದದ್ದು 2.1, ತಲುಪಲ್ಲ, ಹಾಗಾಗಿ ಅದು ನಿಂತು ಉಂಗುರ ಮಾಡೋದು ಕಷ್ಟ, ಕಾರ್ಪೆಟ್ ಕಡೆಗೇ ಹೆಚ್ಚು ಒಲವು.

ಪೊರೆ ಸೋರಿದ ಮೇಲೆ ಒಳಗಿನ ಪೊಟ್ಯಾಸಿಯಂ ಹೊರಗೆ, ವೋಲ್ಟೇಜ್ ಬಿದ್ದುಹೋಯ್ತು, ಎಟಿಪಿ ತಯಾರಿ ನಿಂತುಹೋಯ್ತು. ಇದೆಲ್ಲ ಆಗೋಕೆ ಹೆಚ್ಚಿನ ಪೆಪ್ಟೈಡ್‌ಗಳಿಗೆ ನಿಮಿಷಗಳು ಸಾಕು.

ಎಲ್ಲವೂ ಪೊರೆ ಒಡೆದೇ ಕೊಲ್ಲುತ್ತೆ ಅಂತ ಮಾತ್ರ ಬರೀಬೇಡಿ. ಜೇನುಹುಳದಲ್ಲಿ ಅಪಿಡೆಸಿನ್ ಅಂತ 18 ಉದ್ದದ ಪೆಪ್ಟೈಡ್ ಇದೆ, ಪ್ರೋಲಿನ್ ಜಾಸ್ತಿ, ಅದು ಪೊರೆ ಒಡೆಯದೆ ಒಳಗೆ ಹೋಗಿ ರೈಬೋಸೋಮ್ ಮೇಲೆ ಕೂತು ಪ್ರೋಟೀನ್ ತಯಾರಿ ಮುಗಿಯೋ ಹಂತದಲ್ಲಿ ಎಲ್ಲ ಸಿಕ್ಕಿಹಾಕ್ಕೊಳ್ಳೋ ಹಾಗೆ ಮಾಡುತ್ತೆ. ಬ್ಯೂಫೋರಿನ್ 2 ಅನ್ನೋದು ಪೊರೆ ದಾಟಿ ಡಿಎನ್ಎಗೆ ಅಂಟುತ್ತೆ. ಚೀಸ್ ಕೆಡದ ಹಾಗೆ ಹಾಕೋ ನೈಸಿನ್ ಗೊತ್ತಲ್ವಾ, ಅದು ಬ್ಯಾಕ್ಟೀರಿಯಾನೇ ಮಾಡೋ ಪೆಪ್ಟೈಡ್, ಗೋಡೆ ಕಟ್ಟೋಕೆ ಬೇಕಾದ ಲಿಪಿಡ್ 2 ಅನ್ನೋ ಕಚ್ಚಾ ಮಾಲನ್ನೇ ಹಿಡ್ಕೊಂಡು ಅಲ್ಲೇ ತೂತನ್ನೂ ಮಾಡುತ್ತೆ.

ಲ್ಯಾಬಲ್ಲಿ ಏನು ತಿದ್ತಾರೆ

ಇದಕ್ಕೆ ಪೆಕ್ಸಿಗನಾನ್ ತಗೊಳ್ಳಿ, ಮ್ಯಾಗೈನಿನ್‌ನ ತಿದ್ದಿ ಮಾಡಿದ ಸಿಂಥೆಟಿಕ್, ಶುಗರ್ ಇರೋರ ಕಾಲಿನ ಹುಣ್ಣಿಗೆ ಹಚ್ಚೋ ಕ್ರೀಮ್ ಆಗ್ಲಿ ಅಂತ ಕಟ್ಟಿದ್ದು. ಸರಣಿ: ಜಿ ಐ ಜಿ ಕೆ ಎಫ್ ಎಲ್ ಕೆ ಕೆ ಎ ಕೆ ಕೆ ಎಫ್ ಜಿ ಕೆ ಎ ಎಫ್ ವಿ ಕೆ ಐ ಎಲ್ ಕೆ ಕೆ, ಒಟ್ಟು 22, ಬಾಲ ಅಮೈಡ್. ಮ್ಯಾಗೈನಿನ್ ಕೆಳಗೆ ಇದನ್ನ ಬರೆದು ಎಲ್ಲೆಲ್ಲಿ ಬದಲಾಗಿದೆ ಅಂತ ಗುರುತು ಹಾಕಿ. 7ನೇ ಎಚ್ ಹೋಗಿ ಕೆ, 8ನೇ ಎಸ್ ಹೋಗಿ ಕೆ, 18ನೇ ಜಿ ಹೋಗಿ ಕೆ, 19ನೇ ಜಾಗದಲ್ಲಿದ್ದ ಆ ಒಂದೇ ಒಂದು ಮೈನಸ್ ಇ ಪೂರ್ತಿ ತೆಗೆದುಹಾಕಿದಾರೆ, ಎಂ ಹೋಗಿ ಎಲ್ ಬಂದಿದೆ, ಬಾಲದ ಎನ್ ಎಸ್ ಎರಡೂ ಕೆ ಆಗಿವೆ. ಲೈಸಿನ್ ನಾಲ್ಕಿದ್ದದ್ದು ಒಂಬತ್ತಾಯ್ತು, ತಲೆ ಸೇರಿ ಪ್ಲಸ್ 10. ಈಗ ಇದನ್ನೂ ಚಕ್ರಕ್ಕೆ ಹಾಕಿ ನೋಡಿ, ಒಂಬತ್ತೂ ಲೈಸಿನ್ 180ರಿಂದ 340ರ ಒಳಗೇ ಬಂದು ಕೂತಿರುತ್ತೆ, ಕೆಂಪು ಪಕ್ಕಕ್ಕೆ ಒಂದೂ ಹೋಗಿಲ್ಲ. ಯಾರೋ ಕೂತು ಯೋಚನೆ ಮಾಡಿ ಒಂದೊಂದು ಅಕ್ಷರ ಇಟ್ಟಿದಾರೆ ಅನ್ನೋದು ಆ ಚಕ್ರದಲ್ಲಿ ಕಾಣುತ್ತೆ, ನನಗಂತೂ ಪ್ರತಿ ಸಲ ಖುಷಿ ಕೊಡೋ ಚಿತ್ರ ಅದು.

ಕಟ್ಟೋ ವಿಧಾನ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ಕೊಟ್ಟಿದ್ದು, ಅದಕ್ಕೆ 1984ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತು. ಪುಟಾಣಿ ರೆಸಿನ್ ಮಣಿಗಳಿಗೆ ಬಾಲದ ಅಮೈನೋ ಆಸಿಡ್ ಅಂಟಿಸಿ, ಒಂದೊಂದಾಗಿ ತಲೆ ಕಡೆಗೆ ಜೋಡಿಸ್ತಾ, ಪ್ರತಿ ಸಲ ತೊಳೀತಾ ಹೋಗೋದು, ಕೊನೆಗೆ ಆಸಿಡ್ ಹಾಕಿ ಮಣಿಯಿಂದ ಬಿಡಿಸಿ, ಎಚ್‌ಪಿಎಲ್‌ಸಿ ಅನ್ನೋ ಬೇರ್ಪಡಿಸೋ ಯಂತ್ರದಲ್ಲಿ ಶುದ್ಧ ಮಾಡಿ, ಮಾಸ್ ಸ್ಪೆಕ್ಟ್ರೋಮೀಟರಲ್ಲಿ ತೂಕ ಸರಿ ಇದೆಯಾ ನೋಡೋದು. ದುಬಾರಿ ಯಾಕೆ ಅಂತ ಕ್ಯಾಲ್ಕುಲೇಟರ್ ಹೇಳುತ್ತೆ: 22 ಉದ್ದದ್ದಕ್ಕೆ 21 ಜೋಡಣೆ, ಪ್ರತಿ ಜೋಡಣೆ 100ಕ್ಕೆ 99 ಯಶಸ್ವಿ ಆದ್ರೂ ಕೊನೆಗೆ ಸರಿಯಾಗಿ ಸಿಗೋದು 100ಕ್ಕೆ 81, ಪ್ರತಿ ಹಂತ 98 ಆದ್ರೆ 65ಕ್ಕೆ ಬಿದ್ದುಹೋಗುತ್ತೆ.

ಇನ್ನೊಂದು ತಿದ್ದುಪಡಿ ನಿಜಕ್ಕೂ ದೊಡ್ಡ ವಿಷಯ. ನಮ್ಮ ಪ್ರೋಟೀನ್‌ಗಳಲ್ಲಿರೋದು ಎಲ್ ರೂಪದ ಅಮೈನೋ ಆಸಿಡ್, ಅದರ ಕನ್ನಡಿ ರೂಪ ಡಿ. ಮೆರಿಫೀಲ್ಡ್, ಬೋಮನ್ ಎಲ್ಲ ಸೇರಿ 1990ರಲ್ಲಿ ಸೆಕ್ರೋಪಿನ್, ಮ್ಯಾಗೈನಿನ್, ಜೇನಿನ ವಿಷದಲ್ಲಿರೋ ಮೆಲಿಟಿನ್ ಇವನ್ನ ಪೂರ್ತಿ ಡಿ ರೂಪದಲ್ಲೇ ಕಟ್ಟಿ ನೋಡಿದ್ರು, ಅವೂ ಬ್ಯಾಕ್ಟೀರಿಯಾನ ಕೊಂದವು. ಪೆಪ್ಟೈಡ್ ಕೂರೋಕೆ ಅಂತ ಬ್ಯಾಕ್ಟೀರಿಯಾದಲ್ಲಿ ನಿರ್ದಿಷ್ಟ ಪ್ರೋಟೀನ್ ರಿಸೆಪ್ಟರ್ ಇದ್ದಿದ್ರೆ ಕನ್ನಡಿ ರೂಪ ಅಲ್ಲಿ ಕೂರ್ತಾ ಇರಲಿಲ್ಲ, ಅಂದ್ರೆ ಈ ಪೆಪ್ಟೈಡ್‌ಗಳ ಗುರಿ ಪೊರೆಯೇ ಅನ್ನೋದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ. ಜೊತೆಗೆ ಇನ್ನೊಂದು ಲಾಭ, ಪ್ರೋಟೀನ್ ಕತ್ತರಿಸೋ ಎನ್‌ಝೈಮ್‌ಗಳಿಗೆ ಡಿ ರೂಪ ಸಿಗಲ್ಲ, ಹೆಚ್ಚು ಹೊತ್ತು ಉಳಿಯುತ್ತೆ.

ಇಷ್ಟಾದ್ರೂ ಪೆಕ್ಸಿಗನಾನ್‌ಗೆ 1999ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ, 2016ರಲ್ಲಿ ಬಂದ ಮುಂದಿನ ಟ್ರಯಲ್‌ಗಳಲ್ಲೂ ಬರೀ ಕ್ರೀಮಿಗಿಂತ ಮೇಲು ಅಂತ ತೋರಿಸೋಕೆ ಆಗಲಿಲ್ಲ. ಟ್ಯೂಬಲ್ಲಿ ಕೊಲ್ಲೋದು ಬೇರೆ, ಕೀವು, ಉಪ್ಪು, ಎನ್‌ಝೈಮ್ ಎಲ್ಲ ತುಂಬಿರೋ ನಿಜವಾದ ಹುಣ್ಣಲ್ಲಿ ಕೊಲ್ಲೋದು ಬೇರೆ. ಉಪ್ಪು ಜಾಸ್ತಿ ಆದ್ರೆ ಪ್ಲಸ್ ಮೈನಸ್ ಸೆಳೆತವೇ ಮಂಕಾಗುತ್ತೆ.

ಕೊಲ್ಲೋದಷ್ಟೇ ಅಲ್ಲ, ಯಾರನ್ನ ಬಿಡುತ್ತೆ ಅಂತಲೂ ನೋಡಿ

ಇದಕ್ಕೆ ಉದಾಹರಣೆ ನಮ್ಮ ಊರಲ್ಲೇ ಇದೆ. ಭಾಗಮಂಡಲದ ಕಡೆ ತುಡುವೆ ಜೇನು ಪೆಟ್ಟಿಗೆ ಇಟ್ಟೋರಿಗೆ, ಮರದ ಹೆಜ್ಜೇನು ಎದ್ದಾಗ ಓಡಿದೋರಿಗೆ ಅದರ ಉರಿ ಗೊತ್ತು. ಜೇನಿನ ವಿಷದ ಒಣ ತೂಕದಲ್ಲಿ ಸುಮಾರು ಅರ್ಧ ಮೆಲಿಟಿನ್ ಅನ್ನೋ 26 ಉದ್ದದ ಪೆಪ್ಟೈಡ್: ಜಿ ಐ ಜಿ ಎ ವಿ ಎಲ್ ಕೆ ವಿ ಎಲ್ ಟಿ ಟಿ ಜಿ ಎಲ್ ಪಿ ಎ ಎಲ್ ಐ ಎಸ್ ಡಬ್ಲ್ಯು ಐ ಕೆ ಆರ್ ಕೆ ಆರ್ ಕ್ಯೂ ಕ್ಯೂ. ಚಾರ್ಜ್ ಎಣಿಸಿ, ಬಾಲ ಅಮೈಡ್, ಪ್ಲಸ್ 6 ಬರುತ್ತೆ, ಮ್ಯಾಗೈನಿನ್‌ಗಿಂತ ಜಾಸ್ತಿ. ಹಾಗಾದ್ರೆ ಇದು ಬ್ಯಾಕ್ಟೀರಿಯಾಗೆ ಇನ್ನೂ ನಿಷ್ಠ ಆಗಿರಬೇಕಿತ್ತಲ್ವಾ, ಆದ್ರೆ ಇದು ಬ್ಯಾಕ್ಟೀರಿಯಾನೂ ಕೊಲ್ಲುತ್ತೆ, ನಮ್ಮ ಕೆಂಪು ರಕ್ತಕಣನೂ ಒಡೆದುಹಾಕುತ್ತೆ. ಯಾಕೆ ಅಂತ ಸರಣಿ ನೋಡಿ: ಮೊದಲ 20ರಲ್ಲಿ ಲೈಸಿನ್ ಒಂದೇ ಒಂದು, ಉಳಿದದ್ದರಲ್ಲಿ ಬಹುಪಾಲು ಕೆಂಪು, ನಾಲ್ಕು ಪ್ಲಸ್ ಎಲ್ಲ 21ರಿಂದ 24ರಲ್ಲಿ ಒಟ್ಟಿಗೆ. ಅಷ್ಟು ಎಣ್ಣೆ ಸ್ವಭಾವ ಇದ್ರೆ ಪೊರೇಲಿ ಮೈನಸ್ ಇಲ್ಲದಿದ್ರೂ ಅದು ನುಗ್ಗುತ್ತೆ. ಚಾರ್ಜ್ ಹೆಚ್ಚು ಅಂತ ಕಂಡ ಕೂಡಲೇ ಒಳ್ಳೆ ಔಷಧಿ ಅನ್ನೋಕೆ ಆಗಲ್ಲ, ಕೆಂಪು ಎಷ್ಟು, ನೀಲಿ ಎಷ್ಟು, ಎರಡರ ಹದ ನೋಡಬೇಕು.

ಹಾಗಾಗಿ ಯಾವುದೇ ಪೇಪರ್ ಓದಿದ್ರೂ, ನ್ಯೂಸಲ್ಲಿ ಹೊಸ ಪೆಪ್ಟೈಡ್ ಸೂಪರ್‌ಬಗ್ ಕೊಂದಿತು ಅಂತ ಬಂದ್ರೂ ಎರಡು ಸಂಖ್ಯೆ ಹುಡುಕಿ. ಒಂದು ಎಂಐಸಿ, ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋ ಕನಿಷ್ಠ ಪ್ರಮಾಣ. 96 ಗುಳಿಯ ಪ್ಲೇಟಲ್ಲಿ ಪೆಪ್ಟೈಡನ್ನ ಮಿಲಿಲೀಟರಿಗೆ 64, 32, 16, 8, 4 ಮೈಕ್ರೋಗ್ರಾಂ ಹೀಗೆ ಅರ್ಧರ್ಧ ಮಾಡ್ತಾ ಹಾಕಿ, ಪ್ರತಿ ಗುಳಿಗೆ ಮಿಲಿಲೀಟರಿಗೆ 5 ಲಕ್ಷದ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಹಾಕಿ, 37 ಡಿಗ್ರೀಲಿ ರಾತ್ರಿ ಇಟ್ಟು ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡೋದು. ಕೆಲವು ಗುಳಿ ಕನ್ನಡಿ ಹಾಗೆ ತಿಳಿ, ಮುಂದಿನದು ಇದ್ದಕ್ಕಿದ್ದ ಹಾಗೆ ಮಸುಕು, ತಳದಲ್ಲಿ ಬಿಳಿ ಗುಂಡಿ ತರ ಬ್ಯಾಕ್ಟೀರಿಯಾ ಕೂತಿರುತ್ತೆ, ತಿಳಿಯಾಗಿರೋ ಕೊನೇದು ಎಂಐಸಿ. ಪ್ಲೇಟ್ ಪಾಲಿಪ್ರೊಪಿಲೀನ್ ಆಗಿರಬೇಕು, ಸಾಮಾನ್ಯ ಪಾಲಿಸ್ಟೈರೀನ್ ಆದ್ರೆ ಪ್ಲಸ್ ಪೆಪ್ಟೈಡ್ ಪ್ಲಾಸ್ಟಿಕ್‌ಗೇ ಅಂಟ್ಕೊಂಡು ಲೆಕ್ಕ ತಪ್ಪುತ್ತೆ, ಕಾಲೇಜಲ್ಲಿ ಮಾಡೋರು ಇದನ್ನ ಮುಂಚೇನೇ ವಿಚಾರಿಸಿ ತರಿಸಿ. ಎರಡನೇ ಸಂಖ್ಯೆ ಹೀಮೋಲಿಸಿಸ್, ಅರ್ಧದಷ್ಟು ಕೆಂಪು ರಕ್ತಕಣ ಒಡೆಯೋಕೆ ಎಷ್ಟು ಬೇಕು ಅಂತ. ಎಂಐಸಿ 8, ಹೀಮೋಲಿಸಿಸ್ 200 ಅಂತ ಇದ್ರೆ ನಡುವೆ 25 ಪಟ್ಟು ಜಾಗ ಇದೆ. ಎಂಐಸಿ 2, ಹೀಮೋಲಿಸಿಸ್ 4 ಅಂದ್ರೆ ಎಂಐಸಿ ಎಷ್ಟೇ ಚೆನ್ನಾಗಿದ್ರೂ ಅದು ವಿಷವೇ. ಎರಡನೇ ಸಂಖ್ಯೆ ಕೊಡದೆ ಬರೀ ಕೊಂದಿದ್ದನ್ನ ಹೇಳಿದ್ರೆ ನಾನು ಆ ಸುದ್ದಿನ ಅರ್ಧ ಅಂತಲೇ ತಗೊಳ್ಳೋದು.

ಯಾವ ಜೀವಿ ಮೇಲೆ ಪರೀಕ್ಷೆ ಆಗಿದೆ ಅಂತಲೂ ನೋಡಿ. 2017ರಲ್ಲಿ ಪಶ್ಚಿಮ ಘಟ್ಟದ ಹೈಡ್ರೋಫೈಲ್ಯಾಕ್ಸ್ ಬಹುವಿಸ್ತಾರ ಅನ್ನೋ ಕಪ್ಪೆಯ ಉರುಮಿನ್ ಪೆಪ್ಟೈಡ್ ಬಗ್ಗೆ ದೊಡ್ಡ ಸುದ್ದಿ ಆಯ್ತು, ತಿರುವನಂತಪುರದ ರಾಜೀವ್ ಗಾಂಧಿ ಸೆಂಟರ್ ಮತ್ತೆ ಅಮೆರಿಕದ ಎಮೊರಿ ಯೂನಿವರ್ಸಿಟಿಯೋರು ಸೇರಿ ಮಾಡಿದ ಕೆಲಸ, ನಮ್ಮ ಘಟ್ಟದ್ದು ಅನ್ನೋ ಹೆಮ್ಮೆ ನನಗೂ ಇದೆ, ಆದ್ರೆ ಅದು ತೋರಿಸಿದ್ದು ಎಚ್1 ಜಾತಿಯ ಫ್ಲೂ ವೈರಸ್ ಮೇಲೆ, ಬ್ಯಾಕ್ಟೀರಿಯಾ ಮೇಲಲ್ಲ. ಪ್ರಾಜೆಕ್ಟ್ ರಿಪೋರ್ಟಲ್ಲಿ ಎರಡನ್ನೂ ಕಲಸಬೇಡಿ.

ಬ್ಯಾಕ್ಟೀರಿಯಾ ತಿರುಗಿಬೀಳೋದು

ಇವಕ್ಕೆ ರೆಸಿಸ್ಟೆನ್ಸ್ ಬರೋದೇ ಇಲ್ಲ ಅಂತ ಕೆಲವು ಕಡೆ ಬರೆದಿರ್ತಾರೆ, ಅದು ಸರಿಯಲ್ಲ. ಪೊರೆ ಪೂರ್ತಿ ಬದಲಾಯಿಸೋದು ಬ್ಯಾಕ್ಟೀರಿಯಾಗೆ ಕಷ್ಟ ಅನ್ನೋದು ನಿಜ, ಆದ್ರೆ ಚಾರ್ಜ್ ಕಮ್ಮಿ ಮಾಡ್ಕೊಳ್ಳೋದು ಅದಕ್ಕೆ ಗೊತ್ತು. ಸ್ಟೆಫೈಲೋಕಾಕಸ್ ತನ್ನ ಮೈನಸ್ ಕೊಬ್ಬಿಗೆ ಲೈಸಿನ್ ಅಂಟಿಸ್ಕೊಳ್ಳುತ್ತೆ, ಆ ಕೆಲಸ ಮಾಡೋ ಜೀನ್ ಹೆಸರು ಎಂಪಿಆರ್‌ಎಫ್. ಟೈಕೋಯಿಕ್ ಆಸಿಡ್‌ಗೆ ಡಿ ಅಲನಿನ್ ಸೇರಿಸ್ಕೊಳ್ಳುತ್ತೆ. ಎಡಗಡೆ ಚಿತ್ರದಲ್ಲಿ ನೀವು ಹಾಕಿದ ಮೈನಸ್ ಗುರುತುಗಳಲ್ಲಿ ಅರ್ಧ ಅಳಿಸಿ ನೋಡಿ, ಪೆಪ್ಟೈಡ್ ಅಂಟೋ ಜಾಗವೂ ಅಷ್ಟೇ ಕಮ್ಮಿ ಆಯ್ತು.

ಇದು ಹಂದಿ ಕೋಳಿ ಸಾಕೋ ನಮ್ಮ ಜಿಲ್ಲೆಗೆ ಹತ್ತಿರದ ವಿಷಯ. ಕೊಲಿಸ್ಟಿನ್ ಅಂತ ಇದೆ, ಅದೂ ಪ್ಲಸ್ ಚಾರ್ಜಿನ ಪೆಪ್ಟೈಡ್ ಔಷಧಿನೇ, ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸೋದು, ಒಂದು ಬಾಲದಲ್ಲಿ ಕೊಬ್ಬು ಕಟ್ಟಿರುತ್ತೆ, ಇ ಕೋಲಿ ಹೊರ ಪೊರೆಯ ಲಿಪಿಡ್ ಎಗೆ, ಅಂದ್ರೆ ಲಿಪೋಪಾಲಿಸ್ಯಾಕರೈಡ್‌ನ ಕೊಬ್ಬಿನ ಭಾಗಕ್ಕೆ, ಹೋಗಿ ಅಂಟುತ್ತೆ. ಐಸಿಯುನಲ್ಲಿ ಬೇರೆ ಯಾವುದೂ ಕೆಲಸ ಮಾಡದಾಗ ಡಾಕ್ಟರ್‌ಗಳು ಕೊನೆಗೆ ತೆಗೆಯೋ ಔಷಧಿ ಇದು. ಅದನ್ನೇ ಕೋಳಿ ಫೀಡಲ್ಲಿ ಬೇಗ ತೂಕ ಬರಲಿ ಅಂತ ಹಾಕ್ತಾ ಇದ್ರು. 2015ರ ನವೆಂಬರ್‌ನಲ್ಲಿ ಚೀನಾದಿಂದ ಎಂಸಿಆರ್ 1 ಅನ್ನೋ ಜೀನ್ ಬಗ್ಗೆ ವರದಿ ಬಂತು, ಅದು ಲಿಪಿಡ್ ಎಗೆ ಫಾಸ್ಫೋಎಥನಾಲಮೈನ್ ಸೇರಿಸಿ ಅಲ್ಲಿನ ಮೈನಸ್ ತಗ್ಗಿಸುತ್ತೆ, ಮೇಲಾಗಿ ಪ್ಲಾಸ್ಮಿಡ್ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹೋಗುತ್ತೆ. ಭಾರತ 2019ರಲ್ಲಿ ಪ್ರಾಣಿಗಳಿಗೆ, ಫೀಡಿಗೆ ಕೊಲಿಸ್ಟಿನ್ ನಿಷೇಧ ಮಾಡಿತು. ನಿಮ್ಮ ಮನೇಲಿ ಹಳೇ ಫೀಡ್ ಸಪ್ಲಿಮೆಂಟ್ ಡಬ್ಬ ಇದ್ರೆ ಲೇಬಲ್ ಒಂದ್ಸಲ ಓದಿ, ಆ ಹೆಸರು ಕಂಡ್ರೆ ಹಾಕೋದು ನಿಲ್ಲಿಸಿ ವೆಟರ್ನರಿ ಡಾಕ್ಟರ್‌ಗೆ ತೋರಿಸಿ.

ಕಾಲೇಜ್ ಪ್ರಾಜೆಕ್ಟ್ ಮಾಡೋರಿಗೆ

ಕಾಗದದ ಕೆಲಸ ಮನೇಲಿ, ಬ್ಯಾಕ್ಟೀರಿಯಾ ಕೆಲಸ ಲ್ಯಾಬಲ್ಲಿ ಮಾತ್ರ, ಮನೇಲಿ ಪ್ಲೇಟ್ ಬೆಳೆಸಬೇಡಿ, ಬಳಸಿದ ಪ್ಲೇಟನ್ನ ಆಟೋಕ್ಲೇವ್ ಮಾಡದೆ ಎಸೆಯಬೇಡಿ. ಅಮೆರಿಕದ ನೆಬ್ರಾಸ್ಕಾ ಯೂನಿವರ್ಸಿಟಿಯೋರು ಎಪಿಡಿ ಅಂತ ಡೇಟಾಬೇಸ್ ಇಟ್ಟಿದಾರೆ, ಸಾವಿರಾರು ಪೆಪ್ಟೈಡ್‌ಗಳ ಸರಣಿ ಬಿಟ್ಟಿಯಾಗಿ ಸಿಗುತ್ತೆ. ಅದರಿಂದ ಮೂರು ಆರಿಸಿ: ಮ್ಯಾಗೈನಿನ್ ತರದ ಹೆಲಿಕ್ಸ್ ಒಂದು, ಪ್ರೋಲಿನ್ ಜಾಸ್ತಿ ಇರೋದು ಒಂದು, ನಮ್ಮ ದೇಹದಲ್ಲೇ ಇರೋ 37 ಉದ್ದದ ಎಲ್‌ಎಲ್ 37 ಒಂದು. ಮೂರಕ್ಕೂ ಚಾರ್ಜ್ ಎಣಿಸಿ, ಚಕ್ರ ಹಾಕಿ. ಪ್ರೋಲಿನ್ ಇರೋದನ್ನ ಚಕ್ರಕ್ಕೆ ಹಾಕಿದಾಗ ಎರಡು ಮುಖ ಸರಿಯಾಗಿ ಬರದಿದ್ರೆ ಗಾಬರಿ ಆಗಬೇಡಿ, ಪ್ರೋಲಿನ್ ಜಾಸ್ತಿ ಇದ್ರೆ ಆಲ್ಫಾ ಹೆಲಿಕ್ಸ್ ನಿಲ್ಲಲ್ಲ, ಅಂಥದ್ದಕ್ಕೆ ಚಕ್ರ ಅನ್ವಯಿಸಲ್ಲ ಅಂತ ಬರೀರಿ, ಅದು ಪೊರೆ ಒಡೆಯದೆ ಒಳಗೆ ಹೋಗಿ ಕೆಲಸ ಮಾಡೋದರ ಜೊತೆ ಇದನ್ನ ಜೋಡಿಸಿ. ವೈವಾದಲ್ಲಿ ಹೆಚ್ಚಾಗಿ ಕೇಳೋದು "ನಮ್ಮ ಜೀವಕೋಶಕ್ಕೆ ಯಾಕೆ ಏನೂ ಆಗಲ್ಲ" ಅಂತ. "ಏನೂ ಆಗಲ್ಲ" ಅಂತ ಒಪ್ಕೋಬೇಡಿ, ಪ್ರಮಾಣ ಹೆಚ್ಚಾದ್ರೆ ಆಗುತ್ತೆ ಅಂತ ಹೇಳಿ ಮೆಲಿಟಿನ್ ಹಾಳೆ, ಮ್ಯಾಗೈನಿನ್ ಹಾಳೆ ಎರಡನ್ನೂ ಮೇಜಿನ ಮೇಲಿಟ್ಟು ಎರಡು ಪೊರೆ ಚಿತ್ರದಿಂದ ಉತ್ತರ ಶುರು ಮಾಡಿ.